ಕೊರಳ ಶಸ್ತ್ರಕ್ರಿಯೆಗೆ ಅಭಯವಿತ್ತ ಡಾಕ್ಟರ್ ಕೋಖರ್

ಮನುಷ್ಯ ಶರೀರದಲ್ಲಿ ಕೊರಳಿನಷ್ಟು ಇಕ್ಕಟ್ಟಾದ ಸ್ಥಳ ಬೇರೊಂದಿಲ್ಲವೆನ್ನಬಹುದು. ನಾಲ್ಕು ಬೆರಳಗಲದ ಆ ಹಾದಿಯಲ್ಲಿಯೇ ಉಸಿರು ಇಳಿಯಬೇಕು, ಅನ್ನ ಇಳಿಯಬೇಕು, ಮೆದುಳಿಗೆ ರಕ್ತ ಏರಬೇಕು, ಬಾಯಿಗೆ ಮಾತು ಬರಬೇಕು. ಅಂಥ ಸ್ಥಳಕ್ಕೆ ಚೂರಿ ತಾಗಿಸುವುದೆಂದರೆ ಯಾರಿಗಾದರೂ ಎದೆ ಝಲ್ಲೆನ್ನದಿರದು. ಕತ್ತು ಕೊಯ್ಯುವುದೆಂಬ ಮಾತಿಗೆ ನಮ್ಮ ಭಾಷೆಯಲ್ಲಿ ನಂಬಿಸಿ ಕೆಡಿಸುವುದೆಂಬ ಅರ್ಥ ರೂಢವಾಗಿರುವುದು ಸುಮ್ಮನೆ ಅಲ್ಲ.

ಈ ಭಯವನ್ನು ನಾವು ಮುಂಬಯಿಯ ನಮ್ಮ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ಹಲವು ಬಾರಿ ಕಂಡಿರುತ್ತೇವೆ. ಕೊರಳಲ್ಲಿ ಅಡಿಕೆಯಷ್ಟು ಗಂಟು ಕಾಣಿಸಿಕೊಂಡಾಗ ಅದನ್ನು ಅಂಗಿಯ ಕಾಲರಿನ ಮರೆಯಲ್ಲಿ ಅಡಗಿಸುವವರಿದ್ದಾರೆ. ಅದು ನಿಂಬೆಹಣ್ಣಿನಷ್ಟಾದಾಗ ಊರಿಗೆ ಹೋಗಿ ಲೇಪ ಹಚ್ಚಿಸಿಕೊಂಡೋ ನೂಲು ಕಟ್ಟಿಸಿಕೊಂಡೋ ಬರುವವರಿದ್ದಾರೆ. ಡಾಕ್ಟರರು ಶಸ್ತ್ರಕ್ರಿಯೆಯ ಹೆಸರೆತ್ತಿದರೆ, ಸ್ವರ ಹೋದರೆ ಗಿರಾಕಿಯ ಮುಂದೆ ನಿಲ್ಲುವುದು ಹೇಗೆ, ರಜೆ ಹಾಕಿದರೆ ಸಂಬಳ ಎಲ್ಲಿಂದ ಎಂದು ಯೋಚಿಸಿ ಆಸ್ಪತ್ರೆಯ ಕಡೆ ತಲೆ ಹಾಕದವರೂ ಇದ್ದಾರೆ. ಈ ಭಯ ಕೇವಲ ಮೂಢತನದಿಂದ ಹುಟ್ಟಿದ್ದೆಂದು ನಾವು ಹೇಳಲಾರೆವು. ಒಂದು ಕಾಲದಲ್ಲಿ ಅದಕ್ಕೆ ಬಲವಾದ ಕಾರಣವಿತ್ತು. ಆ ಕಾರಣವನ್ನು ತಮ್ಮ ಕೈಚಳಕದಿಂದ ಬಹುಮಟ್ಟಿಗೆ ನಿವಾರಿಸಿ, ಉಳಿದ ಅಪಾಯವನ್ನು ಮುಚ್ಚಿಡದೆ ಲೋಕದ ಮುಂದಿಟ್ಟ ಮಹನೀಯರೊಬ್ಬರ ಜೀವನವನ್ನು ಈ ದಿನ ನಮ್ಮ ವಾಚಕರ ಮುಂದಿಡುತ್ತೇವೆ. ಅವರೇ ಸ್ವಿಟ್ಜರ್ಲೆಂಡ್ ದೇಶದ ಡಾಕ್ಟರ್ ಎಮಿಲ್ ಥಿಯೋಡರ್ ಕೋಖರ್.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕೋಖರರು 1841ನೆಯ ಇಸವಿ ಆಗಸ್ಟ್ 25ರಂದು ಬೆರ್ನ್ ನಗರದಲ್ಲಿ ಜನಿಸಿದರು. ತಂದೆ ಇಂಜಿನಿಯರರು. ತಾಯಿ ದೈವಭಕ್ತೆ, ಆಕೆಯ ಶ್ರದ್ಧೆ ಮಗನಲ್ಲಿಯೂ ಕೊನೆಯವರೆಗೆ ನೆಲೆಸಿತ್ತು. ಬೆರ್ನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಕಲಿತು 1865ರಲ್ಲಿ ಅತ್ಯುಚ್ಚ ದರ್ಜೆಯಲ್ಲಿ ಪದವಿ ಪಡೆದರು. ಅಷ್ಟಕ್ಕೇ ತೃಪ್ತರಾಗದೆ ಜೂರಿಕ್, ಬರ್ಲಿನ್, ಲಂಡನ್, ಪ್ಯಾರಿಸ್ ನಗರಗಳಿಗೆ ಹೋಗಿ ಆ ಕಾಲದ ಹೆಸರಾಂತ ಶಸ್ತ್ರವೈದ್ಯರು ಕೆಲಸ ಮಾಡುವ ರೀತಿಯನ್ನು ಕಣ್ಣಾರೆ ನೋಡಿ ಬಂದರು.

1872ರಲ್ಲಿ ಬೆರ್ನಿನ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕ ಸ್ಥಾನ ತೆರವಾಯಿತು. ಅಲ್ಲಿನ ಪಂಡಿತ ಮಂಡಲಿಗೆ ಜರ್ಮನಿಯಿಂದ ಒಬ್ಬರನ್ನು ಕರೆಸಿಕೊಳ್ಳುವ ಮನಸ್ಸಿತ್ತು. ಆದರೆ ವಿದ್ಯಾರ್ಥಿಗಳೂ ಊರಿನ ವೈದ್ಯರೂ ಪತ್ರಿಕೆಗಳೂ ಕೋಖರರ ಪಕ್ಷ ವಹಿಸಿ ನಿಂತುದರಿಂದ, ಇನ್ನೂ ಮೂವತ್ತೊಂದು ತುಂಬದ ಆ ತರುಣನಿಗೇ ಸರಕಾರ ಆ ಸ್ಥಾನವನ್ನು ಕೊಟ್ಟಿತು. ಅಲ್ಲಿಂದ ಮುಂದೆ 45 ವರ್ಷಗಳ ಕಾಲ ಅವರು ಇನ್ಸೆಲ್ ಆಸ್ಪತ್ರೆಯನ್ನೂ ಬೆರ್ನ್ ನಗರವನ್ನೂ ಬಿಟ್ಟು ಕದಲಲಿಲ್ಲ. ಅನ್ಯ ನಗರಗಳ ದೊಡ್ಡ ವಿಶ್ವವಿದ್ಯಾಲಯಗಳಿಂದ ಕರೆ ಬಂದಾಗಲೂ ಹೋಗಲಿಲ್ಲ.

ಗಳಗಂಡದ ನಾಡು

ಸ್ವಿಟ್ಜರ್ಲೆಂಡ್ ಪರ್ವತಗಳ ದೇಶ. ಅಲ್ಲಿನ ಕಣಿವೆಗಳ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಅಯೋಡಿನ್ ಎಂಬ ದ್ರವ್ಯ ತೀರಾ ಕಡಿಮೆ. ಕೊರಳಿನ ಮುಂಭಾಗದಲ್ಲಿ ಶ್ವಾಸನಾಳವನ್ನು ಅಪ್ಪಿಕೊಂಡು ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಗೆ ಈ ದ್ರವ್ಯ ಬೇಕೇ ಬೇಕು. ಅದು ಸಾಲದೆ ಹೋದಾಗ ಗ್ರಂಥಿ ಊದಿಕೊಳ್ಳುತ್ತದೆ. ಇದನ್ನೇ ನಮ್ಮವರು ಗಳಗಂಡವೆಂದು ಕರೆಯುವುದು. ಸುಶ್ರುತ ಸಂಹಿತೆಯಲ್ಲಿಯೂ ಈ ರೋಗದ ವರ್ಣನೆಯಿದೆ. ಕೆಲವರಲ್ಲಿ ಅದು ತೆಂಗಿನಕಾಯಿಯಷ್ಟು ಬೆಳೆದು ಶ್ವಾಸನಾಳವನ್ನು ಅದುಮಿ ಉಸಿರು ಕಟ್ಟಿಸುತ್ತಿತ್ತು.

ಹೀಗಿದ್ದರೂ ಅದನ್ನು ಕೊಯ್ದು ತೆಗೆಯಲು ವೈದ್ಯರು ಹೆದರುತ್ತಿದ್ದರು. ಥೈರಾಯ್ಡ್ ಗ್ರಂಥಿಗೆ ರಕ್ತದ ಪೂರೈಕೆ ಅತ್ಯಧಿಕ. ಒಂದು ರಕ್ತನಾಳ ಕೈತಪ್ಪಿದರೆ ರೋಗಿ ಮೇಜಿನ ಮೇಲೆಯೇ ಪ್ರಾಣ ಬಿಡುವನು. ಅಲ್ಲಿ ಉಳಿದರೆ ಗಾಯ ಕೊಳೆತು ವಾರದೊಳಗೆ ಸಾಯುವನು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ನೂರಕ್ಕೆ ಸುಮಾರು 40 ಮಂದಿ ಹೀಗೆ ಸಾಯುತ್ತಿದ್ದರು. ಅಮೆರಿಕದ ಖ್ಯಾತ ಶಸ್ತ್ರವೈದ್ಯರಾದ ಸಾಮ್ಯುಯೆಲ್ ಗ್ರಾಸ್ ಅವರು 1866ರಲ್ಲಿ ಇದನ್ನು ಕಸಾಯಿ ಕೆಲಸಕ್ಕೆ ಹೋಲಿಸಿ ಬರೆದರು. ಮಹಾಶಸ್ತ್ರವೈದ್ಯರೆನಿಸಿದ ಬಿಲ್‌ರೋತ್ ಅವರೇ ಜೂರಿಕ್ ನಗರದಲ್ಲಿ ಈ ಕೆಲಸಕ್ಕೆ ಕೈಹಾಕಿ, ಸಾವುಗಳನ್ನು ಕಂಡು, ಹಲವು ವರ್ಷ ಅದನ್ನು ನಿಲ್ಲಿಸಿಬಿಟ್ಟರು.

ಕೋಖರರು ಹಿಂಜರಿಯಲಿಲ್ಲ; ಆತುರಪಡಲೂ ಇಲ್ಲ. ಆ ಕಾಲದಲ್ಲಿ ಶಸ್ತ್ರವೈದ್ಯನ ಹಿರಿಮೆಯನ್ನು ವೇಗದಿಂದ ಅಳೆಯುತ್ತಿದ್ದರು. ಕೋಖರರಾದರೋ ನಿಧಾನಿಗಳು. ಇಂಗ್ಲೆಂಡಿನ ಲಿಸ್ಟರ್ ಅವರು ತೋರಿಸಿಕೊಟ್ಟ ಶುಚಿತ್ವದ ಕ್ರಮವನ್ನು ಅವರು ಬಹುಬೇಗ ಸ್ವೀಕರಿಸಿ ನಿಷ್ಠೆಯಿಂದ ಪಾಲಿಸಿದರು. ಕೊರಳಿನ ಕೆಳಭಾಗದಲ್ಲಿ, ಚರ್ಮದ ಸಹಜವಾದ ನೆರಿಗೆಯನ್ನೇ ಅನುಸರಿಸಿ, ಹಾರದಂತೆ ಅಡ್ಡಲಾಗಿ ಕೊಯ್ಯುವ ಪದ್ಧತಿಗೆ ಇಂದಿಗೂ ಅವರ ಹೆಸರೇ ಇದೆ. ಪ್ರತಿಯೊಂದು ರಕ್ತನಾಳವನ್ನೂ ಕತ್ತರಿಸುವ ಮೊದಲೇ ಚಿಮಟದಿಂದ ಹಿಡಿದು ನೂಲಿನಿಂದ ಕಟ್ಟುವರು. ಅವರು ರೂಪಿಸಿದ ಆ ಹಲ್ಲುಳ್ಳ ಚಿಮಟ ಇಂದಿಗೂ ಲೋಕದ ಶಸ್ತ್ರಕ್ರಿಯಾ ಕೊಠಡಿಗಳಲ್ಲಿ ಕೋಖರ್ ಚಿಮಟವೆಂದೇ ಪ್ರಸಿದ್ಧವಾಗಿದೆ.

ಇದರ ಫಲವನ್ನು ಅಂಕೆಗಳೇ ಹೇಳುತ್ತವೆ. 1883ರವರೆಗಿನ 101 ಗಳಗಂಡದ ಶಸ್ತ್ರಕ್ರಿಯೆಗಳಲ್ಲಿ ಸತ್ತವರು ನೂರಕ್ಕೆ ಸುಮಾರು 13. ಮುಂದಿನ 250ರ ಲೆಕ್ಕವನ್ನು 1889ರಲ್ಲಿ ಕೊಟ್ಟಾಗ ಅದು ಎರಡೂವರೆಗಿಂತ ಕೆಳಗಿಳಿದಿತ್ತು. ಅವರ ಜೀವಿತದ ಕೊನೆಯ ವರ್ಷಗಳಲ್ಲಿ, ಶಸ್ತ್ರಕ್ರಿಯೆಗಳ ಸಂಖ್ಯೆ 5000 ಮುಟ್ಟಿದಾಗ, ನೂರಕ್ಕೆ ಒಬ್ಬರೂ ಸಾಯುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಕೋಖರರು ಕುಶಲಿಗಳಾದ ಒಬ್ಬ ಶಸ್ತ್ರವೈದ್ಯರೆಂದು ಮಾತ್ರ ಹೆಸರಾಗುತ್ತಿದ್ದರು. ಅವರನ್ನು ದೊಡ್ಡವರನ್ನಾಗಿ ಮಾಡಿದ್ದು ಅವರ ಯಶಸ್ಸಿನೊಳಗೇ ಅಡಗಿದ್ದ ಒಂದು ಸೋಲು.

ಮರಳಿ ಕರೆಸಿ ನೋಡಿದುದು

1874ರ ಜನವರಿಯಲ್ಲಿ 11 ವರ್ಷದ ಒಬ್ಬ ಬಾಲಿಕೆಯ ಗಳಗಂಡವನ್ನು ಕೋಖರರು ತೆಗೆದಿದ್ದರು. ಗ್ರಂಥಿಯ ಒಂದು ಚೂರನ್ನೂ ಉಳಿಸದೆ ತೆಗೆದ ಶಸ್ತ್ರಕ್ರಿಯೆ ಅದು. ಗಾಯ ಮಾಯಿತು, ಹುಡುಗಿ ಮನೆಗೆ ಹೋದಳು, ಲೆಕ್ಕದಲ್ಲಿ ಗುಣವಾದವರ ಸಾಲಿಗೆ ಸೇರಿದಳು. ಬಳಿಕ ಆಕೆಯ ಊರಿನ ವೈದ್ಯರು, ಹುಡುಗಿಯ ಸ್ವಭಾವ ಬದಲಾಗಿದೆ, ಮೊದಲಿನ ಲವಲವಿಕೆ ಹೋಗಿ ಮಂಕಾಗಿದ್ದಾಳೆ ಎಂದು ತಿಳಿಸಿದರು. ಆ ಸುದ್ದಿ ಆಗ ಕೋಖರರ ಮನಸ್ಸಿಗೆ ನಾಟಲಿಲ್ಲ.

1882ರ ಸೆಪ್ಟೆಂಬರಿನಲ್ಲಿ ಜಿನೀವಾ ನಗರದ ಶಸ್ತ್ರವೈದ್ಯ ರೆವರ್ದಿನ್ ಅವರು ಕೋಖರರನ್ನು ಕಂಡಾಗ, ಗ್ರಂಥಿಯನ್ನು ಪೂರ್ತಿಯಾಗಿ ತೆಗೆಸಿಕೊಂಡ ತಮ್ಮ ಕೆಲವು ರೋಗಿಗಳು ತಿಂಗಳುಗಳ ಬಳಿಕ ನಿಶ್ಶಕ್ತರೂ ಮಂದಮತಿಗಳೂ ಆಗುತ್ತಿರುವುದನ್ನು ಹೇಳಿದರು. ಈ ಬಾರಿ ಕೋಖರರು ಎಚ್ಚೆತ್ತರು. ತಮ್ಮ ಹಳೆಯ ದಾಖಲೆಗಳನ್ನು ತೆರೆದು, ಗ್ರಂಥಿಯನ್ನು ಪೂರ್ತಿ ತೆಗೆದ ರೋಗಿಗಳೆಲ್ಲರಿಗೂ ಪತ್ರ ಬರೆದು, ಪರೀಕ್ಷೆಗಾಗಿ ಮರಳಿ ಬರಬೇಕೆಂದು ಕೇಳಿಕೊಂಡರು.

ಆ ಬಾಲಿಕೆಯೂ ಬಂದಳು. ಜೊತೆಗೆ ಆಕೆಯ ತಂಗಿಯೂ ಬಂದಳು. ಶಸ್ತ್ರಕ್ರಿಯೆಯ ಕಾಲದಲ್ಲಿ ಅಕ್ಕ ತಂಗಿಯರು ಒಬ್ಬರನ್ನೊಬ್ಬರೆಂದು ತಿಳಿಯುವಷ್ಟು ಹೋಲುತ್ತಿದ್ದರಂತೆ. ಒಂಬತ್ತು ವರ್ಷಗಳಲ್ಲಿ ತಂಗಿ ಬೆಳೆದು ಚೆಲುವೆಯಾದ ಯುವತಿಯಾಗಿದ್ದಳು. ಅಕ್ಕನಾದರೋ ಮಗುವಿನ ಎತ್ತರದಲ್ಲಿಯೇ ನಿಂತು, ಮುಖ ಊದಿ, ದೃಷ್ಟಿ ಮಂಕಾಗಿ, ಮಾತು ತಡವರಿಸುವಂತಾಗಿದ್ದಳು. ಪರೀಕ್ಷೆಗೆ ದೊರೆತ 18 ಮಂದಿಯಲ್ಲಿ 16 ಮಂದಿಗೆ ಇದೇ ತೆರನಾದ ದುಃಸ್ಥಿತಿ ಬಂದಿತ್ತು. ಸುಲಿಗೆಯಂತೆ ಅಚ್ಚುಕಟ್ಟಾಗಿ, ಒಂದು ತೊಟ್ಟು ರಕ್ತ ಹೆಚ್ಚು ಚೆಲ್ಲದೆ ಮಾಡಿದ ಶಸ್ತ್ರಕ್ರಿಯೆಗಳ ಫಲ ಇದು! ಕೈಗೆಲಸ ಎಷ್ಟು ಪರಿಪೂರ್ಣವೋ ರೋಗಿಯ ಹಾನಿ ಅಷ್ಟೇ ಪರಿಪೂರ್ಣವಾಗಿತ್ತು.

ಇನ್ನೊಬ್ಬರಾಗಿದ್ದರೆ ಆ ದಾಖಲೆಗಳನ್ನು ಪೆಟ್ಟಿಗೆಯಲ್ಲಿಯೇ ಮುಚ್ಚಿಡಬಹುದಿತ್ತು. ಕೋಖರರು 1883ರ ಏಪ್ರಿಲ್ 4ರಂದು ಬರ್ಲಿನ್ನಿನಲ್ಲಿ ಕೂಡಿದ ಜರ್ಮನ್ ಶಸ್ತ್ರವೈದ್ಯರ ಮಹಾಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ವಿವರವಾಗಿ ನಿವೇದಿಸಿದರು. ಸಾದಾ ಗಳಗಂಡಕ್ಕಾಗಿ ಗ್ರಂಥಿಯನ್ನು ಪೂರ್ತಿ ತೆಗೆಯುವುದನ್ನು ಅಂದಿನಿಂದ ನಿಲ್ಲಿಸಿದರು. ಸ್ವಲ್ಪ ಭಾಗವನ್ನು ಉಳಿಸಿಯೇ ಶಸ್ತ್ರಕ್ರಿಯೆ ಮಾಡತೊಡಗಿದರು. ಅದೇ ವರ್ಷ, ಕಳೆದುಕೊಂಡ ಗ್ರಂಥಿಯ ಬದಲಿಗೆ ಬೇರೊಬ್ಬರ ಗ್ರಂಥಿಯ ಭಾಗವನ್ನು ನೆಡುವ ಪ್ರಯತ್ನವನ್ನೂ ಮಾಡಿದರು. ಅಂಗಾಂಗ ಕಸಿಯ ಇತಿಹಾಸವನ್ನು ಬರೆಯುವವರು ಇದನ್ನು ಮೊದಲ ಹೆಜ್ಜೆಗಳಲ್ಲೊಂದೆಂದು ಎಣಿಸುತ್ತಾರೆ.

ಈ ಹಾನಿಯ ಕಾರಣವನ್ನು ಮಾತ್ರ ಕೋಖರರು ಮೊದಲಲ್ಲಿ ಸರಿಯಾಗಿ ಊಹಿಸಲಿಲ್ಲ. ಶ್ವಾಸನಾಳಕ್ಕೆ ಪೆಟ್ಟಾಗಿ ಉಸಿರು ಸಾಲದಾದುದೇ ಕಾರಣವೆಂದು ತಿಳಿದಿದ್ದರು. ಥೈರಾಯ್ಡ್ ಗ್ರಂಥಿ ರಕ್ತಕ್ಕೆ ಒಂದು ರಸವನ್ನು ಸೇರಿಸುತ್ತದೆ, ದೇಹದ ಬೆಳವಣಿಗೆಯೂ ಬುದ್ಧಿಯ ಚುರುಕೂ ಅದನ್ನು ಅವಲಂಬಿಸಿವೆ ಎಂಬುದು ಲಂಡನ್ನಿನ ವೈದ್ಯರ ಪ್ರಯೋಗಗಳಿಂದ ಮುಂದೆ ಸ್ಪಷ್ಟವಾಯಿತು. 1891ರಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿ ಕೊಟ್ಟು, ಹೀಗೆ ಮಂಕಾದ ಒಬ್ಬ ಮಹಿಳೆಯನ್ನು ಗುಣಪಡಿಸಿದರು. ಆ ರಸದ ಸಾರವನ್ನು 1914ರಲ್ಲಿ ಅಮೆರಿಕದ ಕೆಂಡಾಲ್ ಅವರು ಬೇರ್ಪಡಿಸಿದರು. ಇಂದು ಔಷಧದ ಅಂಗಡಿಯಲ್ಲಿ ದೊರೆಯುವ ಥೈರಾಕ್ಸಿನ್ ಮಾತ್ರೆಯ ಪೂರ್ವೇತಿಹಾಸ ಇದೇ. ಕೋಖರರ ಆ 16 ಮಂದಿ ರೋಗಿಗಳ ಸಂಕಟ ಅದರ ಬುಡದಲ್ಲಿದೆ.

ಬಿಲ್‌ರೋತ್ ಅವರ ರೋಗಿಗಳಿಗೆ ಬೇರೊಂದು ವಿಪತ್ತು ಒದಗುತ್ತಿತ್ತು. ಅವರ ಕೈ ಕಾಲುಗಳು ಸೆಟೆದು ಸೆಳೆತ ಬರುತ್ತಿತ್ತು. ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡು ಬೇಳೆಕಾಳಿನಷ್ಟು ಚಿಕ್ಕವಾದ, ಸಾಮಾನ್ಯವಾಗಿ ನಾಲ್ಕು, ಬೇರೆಯೇ ಗ್ರಂಥಿಗಳಿವೆ. ರಕ್ತದಲ್ಲಿನ ಕ್ಯಾಲ್ಸಿಯಂ ಅಂದರೆ ಸುಣ್ಣದ ಅಂಶವನ್ನು ಕಾಯುವುದು ಅವುಗಳ ಕೆಲಸ. ಅವಸರದ ಕೈ ಅವುಗಳನ್ನು ಕೆಡಿಸಿದರೆ ಸೆಳೆತ ಬರುತ್ತದೆ. ಇಬ್ಬರ ಕೆಲಸವನ್ನೂ ನೋಡಿದ್ದ ಅಮೆರಿಕದ ಹಾಲ್‌ಸ್ಟೆಡ್ ಅವರು ಈ ವ್ಯತ್ಯಾಸಕ್ಕೆ ಕಾರಣವನ್ನು ವಿವರಿಸಿದ್ದಾರೆ. ಬಿಲ್‌ರೋತ್ ಅವರು ವೇಗದಿಂದ ಕೆಲಸ ಮಾಡಿ ಥೈರಾಯ್ಡಿನ ಚೂರುಗಳನ್ನು ಉಳಿಸುತ್ತಿದ್ದರು, ಈ ಚಿಕ್ಕ ಗ್ರಂಥಿಗಳನ್ನು ಕೆಡಿಸುತ್ತಿದ್ದರು. ಕೋಖರರು ನಿಧಾನದಿಂದ ಚಿಕ್ಕ ಗ್ರಂಥಿಗಳನ್ನು ಉಳಿಸುತ್ತಿದ್ದರು, ಥೈರಾಯ್ಡನ್ನು ಮಾತ್ರ ನಿಶ್ಶೇಷವಾಗಿ ತೆಗೆಯುತ್ತಿದ್ದರು.

ಕೀರ್ತಿ ಮತ್ತು ಅಂತ್ಯ

1909ರಲ್ಲಿ ಕೋಖರರಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಶಸ್ತ್ರವೈದ್ಯರೊಬ್ಬರಿಗೆ ಆ ಗೌರವ ಸಂದುದು ಅದೇ ಮೊದಲು. ಥೈರಾಯ್ಡ್ ಗ್ರಂಥಿಯ ಕಾರ್ಯ, ರೋಗ ಮತ್ತು ಶಸ್ತ್ರಕ್ರಿಯೆಗಳ ಕುರಿತು ಮಾಡಿದ ಕಾರ್ಯಕ್ಕಾಗಿ ಅದನ್ನು ಕೊಡಲಾಯಿತು. 1912ರಲ್ಲಿ ಅವರು ಸಂಶೋಧನೆಗಾಗಿ ಬೆರ್ನಿನ ವಿಶ್ವವಿದ್ಯಾಲಯಕ್ಕೆ ದೊಡ್ಡ ಮೊತ್ತವನ್ನು ದಾನವಾಗಿತ್ತರು. ಲೋಕದ ಮೂಲೆಮೂಲೆಗಳಿಂದ ರೋಗಿಗಳೂ ಶಿಷ್ಯರೂ ಬರುತ್ತಿದ್ದರೂ ಅವರ ಬದುಕು ಸರಳವಾಗಿಯೇ ಇತ್ತು. 1917ರ ಜುಲೈ 23ರ ರಾತ್ರಿ, ಎಪ್ಪತ್ತೈದು ದಾಟಿದ ಆ ವೃದ್ಧರು ತುರ್ತಿನ ಕರೆ ಬಂದಾಗ ಎದ್ದು ಹೋಗಿ ಶಸ್ತ್ರಕ್ರಿಯೆ ನಡೆಸಿದರು. ಅದು ಮುಗಿದ ಮೇಲೆ ಅಸ್ವಸ್ಥರಾಗಿ ಮಲಗಿದವರು ಮತ್ತೆ ಏಳಲಿಲ್ಲ. 27ರಂದು ಬೆರ್ನಿನಲ್ಲಿಯೇ ದಿವಂಗತರಾದರು.

ಅವರು ತೀರಿಕೊಂಡ ಐದು ವರ್ಷಗಳಲ್ಲಿ, 1922ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಅಡಿಗೆಯ ಉಪ್ಪಿಗೆ ಅಯೋಡಿನ್ ಬೆರೆಸಿ ಮಾರುವ ಕ್ರಮ ಆರಂಭವಾಯಿತು. ಕೋಖರರ ಕತ್ತಿ ಸಾವಿರಾರು ಕೊರಳುಗಳನ್ನು ಗುಣಪಡಿಸಿದರೆ, ಉಪ್ಪು ಕತ್ತಿಯ ಅಗತ್ಯವನ್ನೇ ಲಕ್ಷಾಂತರ ಜನರಿಗೆ ತಪ್ಪಿಸಿತು. ನಮ್ಮ ದೇಶದಲ್ಲಿಯೂ 1956ರಿಂದ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಡಾಕ್ಟರ್ ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಇಂಥ ಉಪ್ಪನ್ನು ಹಂಚಿ ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟರು. 1962ರಲ್ಲಿ ಕೇಂದ್ರ ಸರಕಾರ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಯೋಜನೆಯನ್ನು ಹಮ್ಮಿಕೊಂಡಿತು. ತಿನ್ನುವ ಉಪ್ಪಿನಲ್ಲಿ ಅಯೋಡಿನ್ ಇರಲೇಬೇಕೆಂಬ ಕಾನೂನು ಇಂದು ಇದೆ. ನಮ್ಮ ಅಡಿಗೆಮನೆಗಳ ಭಟ್ಟರು ಈ ಉಪ್ಪನ್ನೇ ತರಿಸಿ, ಮುಚ್ಚಳವಿಲ್ಲದ ಡಬ್ಬಿಯಲ್ಲಿ ಒಲೆಯ ಬಳಿ ಇಡದೆ, ಸಾರು ಸಾಂಬಾರುಗಳಿಗೆ ಆದಷ್ಟು ಕೊನೆಯಲ್ಲಿ ಹಾಕುವುದು ಉಚಿತ. ಬಿಸಿಗೂ ತೇವಕ್ಕೂ ಅಯೋಡಿನ್ ಕಳೆದುಹೋಗುತ್ತದೆ.

ನಮಗೆ ತಿಳಿದಿರಬೇಕಾದುದು

ಉಪ್ಪಿನಿಂದ ಎಲ್ಲ ಗಂಟುಗಳೂ ತಪ್ಪುವುದಿಲ್ಲ. ಈ ಮುಂಬಯಿಯಲ್ಲಿ ಕೊರಳ ಶಸ್ತ್ರಕ್ರಿಯೆಗೆ ದೊಡ್ಡ ಪರಂಪರೆಯೇ ಇದೆ. ಪರೇಲಿನಲ್ಲಿ 1926ರಲ್ಲಿ ತೆರೆದ ಕೆ.ಇ.ಎಂ. ಆಸ್ಪತ್ರೆಯಿದೆ, 1941ರ ಫೆಬ್ರವರಿ 28ರಂದು ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯಿದೆ, 1963ರಿಂದ ಥೈರಾಯ್ಡ್ ರೋಗಗಳಿಗೆ ವಿಕಿರಣ ಅಯೋಡಿನ್ ಚಿಕಿತ್ಸೆ ಕೊಡುತ್ತ ಬಂದ ಅಣುಶಕ್ತಿ ಇಲಾಖೆಯ ಕೇಂದ್ರವೂ ಅಲ್ಲಿಯೇ ಇದೆ. ಟಾಟಾ ಆಸ್ಪತ್ರೆಯ ಮುಂದಿನ ರಸ್ತೆಗೆ ಹೆಸರಾದ ಡಾಕ್ಟರ್ ಅರ್ನೆಸ್ಟ್ ಬೋರ್ಜಿಸ್ ಅವರು, 1969ರಲ್ಲಿ ತೀರಿಕೊಳ್ಳುವ ತನಕ, ಬಡ ಕ್ಯಾನ್ಸರ್ ರೋಗಿಗಳ ಶಸ್ತ್ರಕ್ರಿಯೆಗೆ ತಮ್ಮ ಬಾಳನ್ನು ಮುಡಿಪಾಗಿಟ್ಟ ಗೋವೆಯ ಸುಪುತ್ರರು. ಹೊಗೆಸೊಪ್ಪು, ಬೀಡಿ, ಗುಟ್ಕಾಗಳ ಚಟವುಳ್ಳವರಿಗೆ ಬಾಯಿಯ ಹುಣ್ಣು ಕ್ಯಾನ್ಸರಾಗಿ ಕೊರಳಿನ ಗಂಟುಗಳಿಗೆ ಇಳಿಯುವುದುಂಟು. ಆದುದರಿಂದ ಕೊರಳಿನ ಯಾವ ಗಂಟನ್ನೂ, ನೋವಿಲ್ಲವೆಂಬ ಕಾರಣಕ್ಕೆ, ಎರಡು ಮೂರು ವಾರಗಳಿಗಿಂತ ಹೆಚ್ಚು ಅಲಕ್ಷಿಸಬಾರದು.

ಹಾಗೆಂದು ಗಂಟು ಕಂಡವರೆಲ್ಲರೂ ಕತ್ತಿಗೆ ಕೊರಳೊಡ್ಡಬೇಕಾಗಿಲ್ಲ. ಥೈರಾಯ್ಡಿನ ಗಂಟುಗಳಲ್ಲಿ ಹೆಚ್ಚಿನವು ನಿರಪಾಯ. ರಕ್ತಪರೀಕ್ಷೆ, ಸೋನೋಗ್ರಫಿ, ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ನೋಡುವ ಪರೀಕ್ಷೆ ಇವುಗಳಿಂದ ಅದು ನಿಶ್ಚಯವಾಗುತ್ತದೆ. ಕ್ಯಾನ್ಸರೆಂದು ತಿಳಿದಾಗ ಅಥವಾ ಸಂಶಯವಿದ್ದಾಗ, ಗಂಟು ಶ್ವಾಸನಾಳವನ್ನೋ ಅನ್ನನಾಳವನ್ನೋ ಒತ್ತಿದಾಗ, ಗ್ರಂಥಿ ಅತಿಯಾಗಿ ರಸ ಸುರಿಸಿ ಔಷಧಕ್ಕೆ ಬಗ್ಗದಾಗ ಶಸ್ತ್ರಕ್ರಿಯೆ ಬೇಕಾಗಬಹುದು. ಆಗ ಅದರ ಪ್ರಯೋಜನ ದೊಡ್ಡದು. ಉಸಿರು ಸರಾಗವಾಗುತ್ತದೆ, ಥೈರಾಯ್ಡಿನ ಕ್ಯಾನ್ಸರನ್ನು ಹೆಚ್ಚಿನವರಲ್ಲಿ ಸಂಪೂರ್ಣ ಗುಣಪಡಿಸಲೂ ಸಾಧ್ಯವಾಗುತ್ತದೆ. ಬಾಯಿಯೊಳಗಿಂದಲೂ ಕಂಕುಳಿನಿಂದಲೂ ನಳಿಗೆ ತೂರಿಸಿ ಮಾಡುವ ಹೊಸ ಕ್ರಮಗಳು ಬಂದಿವೆ. ಆದರೂ ಕೊರಳನ್ನು ತೆರೆದು, ಕಣ್ಣಿಗೆ ಕಾಣುವಂತೆ ಮಾಡುವ ಕೋಖರರ ಕ್ರಮವೇ ಇಂದಿಗೂ ಬಹುಪಾಲು ರೋಗಿಗಳಿಗೆ ಅನುಸರಿಸುವ ಕ್ರಮವಾಗಿದೆ.

ಅಪಾಯಗಳನ್ನೂ ಹೇಳಬೇಕು. ಮೊದಲನೆಯದು, ಒಳಗೆ ರಕ್ತ ಸೋರಿ ಕೊರಳು ಊದಿ ಉಸಿರು ಕಟ್ಟುವುದು. ಇದು ನೂರಕ್ಕೆ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ದಿನದಲ್ಲಿಯೇ ಆಗುವಂಥದು. ಕೊರಳು ಬಿಗಿದಂತಾದರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ನರ್ಸಮ್ಮನನ್ನು ಕರೆಯಬೇಕು. ಎರಡನೆಯದು, ಧ್ವನಿಯ ನರಕ್ಕೆ ಪೆಟ್ಟು. ಗ್ರಂಥಿಯ ಹಿಂದೆಯೇ ಹಾಯುವ ಈ ನರ ನೊಂದರೆ ಸ್ವರ ಒಡೆಯುತ್ತದೆ. ಹೆಚ್ಚಿನವರಿಗೆ ಕೆಲವು ವಾರ ತಿಂಗಳುಗಳಲ್ಲಿ ಅದು ಸರಿಯಾಗುತ್ತದೆ. ನುರಿತ ಕೈಯಲ್ಲಿ ಶಾಶ್ವತವಾಗಿ ಉಳಿಯುವುದು ನೂರಕ್ಕೆ ಸುಮಾರು ಒಬ್ಬರಿಗೆ. ಮೂರನೆಯದು, ಕ್ಯಾಲ್ಸಿಯಂ ಇಳಿಯುವುದು. ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಎನ್ನುವುದು ಅದರ ಸೂಚನೆ. ಕೂಡಲೇ ಡಾಕ್ಟರರಿಗೆ ತಿಳಿಸಿ ಔಷಧ ಪಡೆಯಬೇಕು. ನಾಲ್ಕನೆಯದು, ಗ್ರಂಥಿ ಪೂರ್ತಿ ಹೋದವರು ಜೀವಮಾನವೆಲ್ಲ ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ ನುಂಗಬೇಕಾಗುವುದು.

ಈ ನಾಲ್ಕನೆಯದರಲ್ಲಿಯೇ ನಮ್ಮವರು ಹೆಚ್ಚು ಎಡವುತ್ತಾರೆ. ಬೆಳಿಗ್ಗೆ ನಾಲ್ಕಕ್ಕೆದ್ದು ಇಡ್ಲಿಯ ಹಂಡೆ ಇಡುವವನಿಗೆ ಮಾತ್ರೆಯ ನೆನಪಿರುವುದಿಲ್ಲ. ಊರಿಗೆ ಹೋದವನು ಆರಾಮವಾಗಿದ್ದೇನೆಂದು ಬಿಟ್ಟುಬಿಡುತ್ತಾನೆ. ಕೆಲವು ತಿಂಗಳಲ್ಲಿ ಮೈ ಭಾರ, ನಿದ್ದೆ, ಚಳಿ, ಮರೆವು. ಮಾಲಕರು ಅವನನ್ನು ಸೋಮಾರಿಯೆಂದು ಬೈಯುತ್ತಾರೆ. 1883ರಲ್ಲಿ ಬೆರ್ನಿಗೆ ಮರಳಿ ಬಂದ ಆ ಹುಡುಗಿಗೆ ಇದ್ದುದೂ ಇದೇ ಕಾಯಿಲೆ. ಆಕೆಗೆ ಮಾತ್ರೆಯಿರಲಿಲ್ಲ, ನಮಗಿದೆ, ಮತ್ತು ಅದರ ಬೆಲೆ ಹೆಚ್ಚಲ್ಲ. ಹೋಟೆಲಿನ ಮಾಲಕರು ಇಂಥ ಕೆಲಸಗಾರನನ್ನು ಬೈಯುವ ಮೊದಲು ಅವನ ಕೊರಳಿನ ಕಲೆಯನ್ನು ಒಮ್ಮೆ ನೋಡಿ, ಮಾತ್ರೆ ತೆಗೆದುಕೊಳ್ಳುತ್ತೀಯಾ ಎಂದು ವಿಚಾರಿಸಲೆಂಬುದು ನಮ್ಮ ಬಿನ್ನಹ.

ಶಸ್ತ್ರಕ್ರಿಯೆಗೆ ಒಪ್ಪುವ ಮುನ್ನ ಡಾಕ್ಟರರಲ್ಲಿ ಕೆಲವು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬಾರದು. ಇದು ಏಕೆ ಬೇಕು? ಮಾಡಿಸದಿದ್ದರೆ ಏನಾಗುವುದು? ಅರ್ಧ ತೆಗೆಯುವುದೋ ಪೂರ್ತಿಯೋ? ತಾವು ಈ ಶಸ್ತ್ರಕ್ರಿಯೆಯನ್ನು ಪದೇ ಪದೇ ಮಾಡುವವರೋ? ಬಳಿಕ ಯಾವಾಗ ಬಂದು ತೋರಿಸಬೇಕು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಸಂದೇಹವಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದೂ ತಪ್ಪಲ್ಲ.

ವ್ಯಾಪಾರದಲ್ಲಿ ಬಿಲ್ಲು ಸಂದಾಯವಾದೊಡನೆ ಲೆಕ್ಕ ಮುಗಿಯುವುದಿಲ್ಲವೆಂಬುದನ್ನು ಹೋಟೆಲಿನವರು ಬಲ್ಲರು. ಉಂಡವನು ಮರುದಿನ ಹೇಗಿದ್ದಾನೆಂಬುದರಲ್ಲಿ ಅಡಿಗೆಯ ಗುಣ ತಿಳಿಯುತ್ತದೆ. ಕೋಖರರು ಆಸ್ಪತ್ರೆಗೆ ಆ ಪಾಠವನ್ನು ಕಲಿಸಿದರು. ತಾವು ಗುಣಪಡಿಸಿದೆವೆಂದು ನಂಬಿದವರನ್ನು ಒಂಬತ್ತು ವರ್ಷಗಳ ಬಳಿಕ ಕರೆಸಿ ನೋಡುವ ಧೈರ್ಯ ಅವರಿಗಿತ್ತು. ಇಂದು ನಮ್ಮ ಆಸ್ಪತ್ರೆಗಳ ಚೀಟಿಯಲ್ಲಿ ಮರಳಿ ಬರಬೇಕಾದ ತಾರೀಖನ್ನು ಬರೆದುಕೊಡುತ್ತಾರೆ. ಕೊರಳ ಶಸ್ತ್ರಕ್ರಿಯೆ ಮಾಡಿಸಿಕೊಂಡು ಆ ಚೀಟಿಯನ್ನು ಪೆಟ್ಟಿಗೆಯಲ್ಲಿ ಮರೆತವರು ನಮ್ಮ ವಾಚಕರಲ್ಲಿ ಯಾರಾದರೂ ಇದ್ದರೆ, ಈ ವಾರದ ರಜೆಯ ದಿನ ಅದನ್ನು ಹುಡುಕಿ ತೆಗೆಯಲಿ.